ಎದೆಗೂಡಿನ ಗಡ್ಡೆ ತೆಗೆದ ಜಾಗಕ್ಕೆ ಬೆನ್ನಿನ ಸ್ನಾಯು ಏಕೆ?

ಪ್ರಶ್ನೆ:
ನನ್ನ ತಾಯಿಯವರಿಗೆ ಬಲಗಡೆಯ ಪಕ್ಕೆಲುಬಿನಲ್ಲಿ ಕಾಂಡ್ರೋಸಾರ್ಕೋಮ (ಮೃದ್ವಸ್ಥಿಯ ಕ್ಯಾನ್ಸರ್) ಗಡ್ಡೆಯಿದ್ದು, ನಾಲ್ಕು ಪಕ್ಕೆಲುಬುಗಳ ತುಂಡುಗಳನ್ನು ಮೇಲಿನ ಚರ್ಮದೊಂದಿಗೆ ತೆಗೆಯಬೇಕೆಂದು ವೈದ್ಯರು ತಿಳಿಸಿದ್ದಾರೆ. ಅಲ್ಲಿಗೆ ಮೆಶ್ (ಬಲೆಯಂಥ ಕೃತಕ ಹಾಳೆ) ಹೊಲಿದು, ಬೆನ್ನಿನ ಸ್ನಾಯುವನ್ನು ಚರ್ಮಸಮೇತ ಮುಂದಕ್ಕೆ ತಂದು ಮುಚ್ಚುತ್ತಾರಂತೆ. ತೊಡೆಯ ಚರ್ಮವನ್ನು ಕಸಿ ಮಾಡಿದರೆ ಸಾಲದೆ? ಕೈಯ ಬಲ ಕುಂದುವುದೇ?

ಉತ್ತರ 1 (ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿದ್ದೇನೆ):
ಕಸಿ ಮಾಡಿದ ತೆಳು ಚರ್ಮಕ್ಕೆ ತನ್ನದೆಂಬ ರಕ್ತನಾಳವಿರುವುದಿಲ್ಲ. ಕೆಳಗಿರುವ ಜೀವಂತ ಅಂಗಾಂಶವೇ ಅದನ್ನು ಸಾಕಬೇಕು, ಮೆಶ್‌ನಿಂದ ಆ ಕೆಲಸ ಆಗದು. ಬೆನ್ನಿನ ಲ್ಯಾಟಿಸಿಮಸ್ ಡಾರ್ಸೈ ಸ್ನಾಯುವಾದರೋ ಕಂಕುಳಿನಿಂದ ಬರುವ ರಕ್ತನಾಳಕ್ಕೆ, ತೊಟ್ಟಿಗೆ ಅಂಟಿಕೊಂಡ ಎಲೆಯಂತೆ, ಅಂಟಿಕೊಂಡೇ ತಿರುಗಿ ಬರುವುದರಿಂದ ತನ್ನ ರಕ್ತವನ್ನು ತಾನೇ ತರುತ್ತದೆ. ಇಟಲಿಯ ಇಜಿನಿಯೊ ಟಾನ್ಸಿನಿ 1906ರಷ್ಟು ಹಿಂದೆಯೇ ಸ್ತನ ತೆಗೆದ ಗಾಯವನ್ನು ಮುಚ್ಚಲು ಇದನ್ನು ಬಳಸಿದ್ದರು.

ಮೆಶ್‌ನ ಕೆಲಸ ಬೇರೆ. ಎದೆಯ ಮುಂಭಾಗದಲ್ಲಿ ಸುಮಾರು 5 ಸೆಂಟಿಮೀಟರ್‌ಗಿಂತ ದೊಡ್ಡ ತೂತಾದರೆ, ಉಸಿರೆಳೆದಾಗ ಎದೆ ಉಬ್ಬುವ ಬದಲು ಆ ಭಾಗ ಒಳಕ್ಕೆ ಕುಸಿಯುತ್ತದೆ. ಅದನ್ನು ತಡೆಯಲು ಗಟ್ಟಿಯಾದ ಆಸರೆ ಬೇಕು. ಅದೇ ತೂತು ಬೆನ್ನಿನಲ್ಲಿ ಹೆಗಲಮೂಳೆಯ ಮರೆಗಿದ್ದರೆ ಕೆಲವೊಮ್ಮೆ ಮೆಶ್ ಇಲ್ಲದೆಯೂ ನಡೆಯುತ್ತದೆ.

ಉತ್ತರ 2:
ನನಗೆ ಇದೇ ಶಸ್ತ್ರಚಿಕಿತ್ಸೆ ಆಗಿದೆ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಫ್ಲ್ಯಾಪ್‌ನ, ಅಂದರೆ ತಿರುಗಿಸಿ ತಂದ ಸ್ನಾಯು-ಚರ್ಮದ ಭಾಗದ, ಬಣ್ಣ ನೋಡಿ, ಬೆರಳಿನಿಂದ ಒತ್ತಿ, ಬಿಳಿಚಿದ ಜಾಗ ಮತ್ತೆ ಕೆಂಪಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುತ್ತಿದ್ದರು. ಎದೆಗಿಂತ ಬೆನ್ನೇ ಹೆಚ್ಚು ಕಾಡಿತು: ಡ್ರೇನ್ (ಗಾಯದ ನೀರನ್ನು ಹೊರಹರಿಸುವ ಕೊಳವೆ) ತೆಗೆದ ಮೇಲೂ ನೀರು ತುಂಬಿ, ಎರಡು ಬಾರಿ ಸೂಜಿಯಿಂದ ತೆಗೆಸಬೇಕಾಯಿತು. ಕೈ ಎತ್ತಲು ತೊಂದರೆಯಿಲ್ಲ. ಆದರೆ ಕುರ್ಚಿಯ ಕೈಗಳನ್ನು ಒತ್ತಿ ಏಳುವಾಗ ಆ ಕಡೆಯ ಬಲ ಇಂದಿಗೂ ತುಸು ಕಡಿಮೆ. ಫಿಸಿಯೋಥೆರಪಿಯನ್ನು ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಂಕುಳೆಂದಾಗ ನೆನಪಾಯಿತು: ಹನ್ನೆರಡು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್‌ಗಾಗಿ ತಾಯಿಯವರಿಗೆ ಅದೇ ಬದಿಯ ಕಂಕುಳಿನ ಗ್ರಂಥಿಗಳನ್ನು ತೆಗೆದು ರೇಡಿಯೇಶನ್ ಕೊಟ್ಟಿದ್ದರು. ಇದು ಮುಖ್ಯವೇ?

ಉತ್ತರ 1:
ಬಹಳ ಮುಖ್ಯ, ಮೊದಲೇ ಹೇಳಬೇಕಿದ್ದ ಸಂಗತಿಯಿದು. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ಸುತ್ತಲಿನ ಅಂಗಾಂಶ ರೇಡಿಯೇಶನ್‌ನಿಂದ ಬಿಗಿದಿರಲೂಬಹುದು. ರಕ್ತನಾಳ ಸರಿಯಿದೆಯೇ ಎಂಬುದನ್ನು ಸಿಟಿ ಆಂಜಿಯೋಗ್ರಾಮ್‌ನಿಂದ ನೋಡಬಹುದು. ಇಲ್ಲವಾದರೆ ಹೊಟ್ಟೆಯ ನೇರ ಸ್ನಾಯು, ಹೊಟ್ಟೆಯೊಳಗಿನ ಒಮೆಂಟಮ್ ಎಂಬ ಕೊಬ್ಬಿನ ಪೊರೆ, ಅಥವಾ ತೊಡೆಯಿಂದ ಪೂರ್ತಿ ಬಿಡಿಸಿ ತಂದು ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಜೋಡಿಸುವ ಫ್ಲ್ಯಾಪ್ ಇವೆ. ಹಳೆಯ ಡಿಸ್ಚಾರ್ಜ್ ಪತ್ರವನ್ನೂ ರೇಡಿಯೇಶನ್ ದಾಖಲೆಯನ್ನೂ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮುನ್ನವೇ ಸರ್ಜನ್‌ಗೆ ತೋರಿಸಿರಿ.