ಒಂದೇ ಸಲ ತೊಳೆದಿದ್ದಕ್ಕೆ ಕಸೂತಿ ದಾರದ ತುದಿಗಳೆಲ್ಲ ಹೊರಗೆ ಬಂದಿವೆ. ಏನು ಮಾಡಲಿ?

ಗವಂತಿ_ದಾವಣಗೆರೆ (ಸೋಮವಾರ ರಾತ್ರಿ)
ಎರಡು ತಿಂಗಳು ಕೂತು ಹಾಕಿದ ಕಸೂತಿ ಒಂದೇ ಸಲಕ್ಕೆ ಹಾಳಾಗಿದೆ. ಬಿಳಿ ಬಟ್ಟೆ, ಕೆಂಪು ದಾರ. ಗೋಪುರ, ತುಳಸಿಕಟ್ಟೆ, ನಡುನಡುವೆ ಆನೆ. ಎಲ್ಲಾ ಗವಂತಿ, ಅಂದರೆ ಎರಡೂ ಕಡೆ ಒಂದೇ ಥರ ಕಾಣುವ ಗೆರೆ ಹೊಲಿಗೆ. ಗಂಟು ಒಂದೂ ಇಲ್ಲ. ತುದಿಗಳನ್ನು ಒಂದೊಂದಾಗಿ ಹೊಲಿಗೆಯ ಕೆಳಗೆ ತೂರಿಸಿ ಕತ್ತರಿಸಿದ್ದೆ. ನಿನ್ನೆ ತಣ್ಣೀರಿನಲ್ಲಿ ಕೈಯಲ್ಲೇ ತೊಳೆದೆ. ಒಣಗಿದ ಮೇಲೆ ನೋಡಿದರೆ ದಾರ ಮೀಸೆ ಥರ ಎದ್ದು ನಿಂತಿದೆ. ಎಣಿಸಿದೆ, 16 ಕಡೆ. ಮುಂದಿನ ತಿಂಗಳು ತಂಗಿಯ ಸೀಮಂತ, ಅವಳಿಗೇ ಅಂತ ಮಾಡಿದ್ದು. ನಿಜವಾಗಿ ಅಳು ಬಂತು. ತುದಿ ಮತ್ತೆ ಬರದ ಹಾಗೆ ಮುಚ್ಚೋದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಟೆಮನೆ_ಚಿತ್ರದುರ್ಗ
ಸೂಜಿ ಎಷ್ಟನೇ ನಂಬರ್? ದಪ್ಪ ಸೂಜಿ ಇರಬೇಕು. ದಪ್ಪ ಸೂಜಿ ದೊಡ್ಡ ತೂತು ಮಾಡುತ್ತದೆ. ಆಮೇಲೆ ದಾರಕ್ಕೆ ಬಟ್ಟೆಯ ಹಿಡಿತ ಸಿಗೋದಿಲ್ಲ. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಹರಿಹರ_ಟೈಲರ್
ಅಕ್ಕಾ, ಹಿಂದೆ ಒಂದೊಂದು ಸಣ್ಣ ಗಂಟು ಹಾಕಿ. ಮೇಲೆ ಬಿಸಿಗೆ ಅಂಟಿಕೊಳ್ಳುವ ಪೇಸ್ಟಿಂಗ್ ಕ್ಯಾನ್ವಾಸ್ ಬಟ್ಟೆ ಇಟ್ಟು ಇಸ್ತ್ರಿ ಮಾಡಿ. ಬ್ಲೌಸ್ ಕೆಲಸಕ್ಕೆ ನಾವು ಹಾಗೇ ಮಾಡೋದು. ಹತ್ತು ಸಲ ತೊಳೆದರೂ ಏನೂ ಆಗಲ್ಲ.

ಸೂಜಿಮಲ್ಲಿಗೆ
ಕಸೂತಿಗೆ ಗಂಟು ಹಾಕಿ ಅಂತೀರಲ್ಲ ಅಣ್ಣಾ! ಎರಡೂ ಕಡೆ ಒಂದೇ ಥರ ಕಾಣಬೇಕು ಅನ್ನೋದೇ ಗವಂತಿ, ಮುರ್ಗಿ ಹೊಲಿಗೆಗಳ ಲಕ್ಷಣ. ಗಂಟು ಹಾಕಿದರೆ ಉಳಿಯೋದೇನು?

ಹರಿಹರ_ಟೈಲರ್
ನೇಯ್ಗಿ, ಮೆಂತೆ ಹೊಲಿಗೆಗಳಲ್ಲಿ ಹಿಂಭಾಗ ಬೇರೆ ಥರವೇ ಕಾಣೋದು. ಅದೂ ಕಸೂತಿಯೇ ತಾನೆ? ಹೊಟ್ಟೆಪಾಡಿಗೆ ಹೊಲಿಯೋರು ಗಿರಾಕಿಗೆ ಉತ್ತರ ಕೊಡಬೇಕಲ್ವಾ. ಬಿಚ್ಚಿ ಹೋದರೆ ಬಂದು ಕೇಳೋದು ನನ್ನನ್ನೇ.

ಗವಂತಿ_ದಾವಣಗೆರೆ
ಸೂಜಿ 9ನೇ ನಂಬರ್. ದಪ್ಪ ಏನಲ್ಲ. ಗಂಟು, ಕ್ಯಾನ್ವಾಸ್ ಎರಡೂ ಆಗೋದಿಲ್ಲ.

ಕೋಟೆಮನೆ_ಚಿತ್ರದುರ್ಗ
ಒಂದೇ ಪ್ಯಾಕೆಟ್‌ನಲ್ಲಿ ಬೇರೆ ಬೇರೆ ನಂಬರ್ ಸೂಜಿ ಇರುತ್ತವೆ. 9 ಅಂದುಕೊಂಡು 5ರಲ್ಲಿ ಹಾಕಿದ್ದೀರೇನೋ. ಬಟ್ಟೆಯನ್ನು ಬೆಳಕಿಗೆ ಹಿಡಿದು ಫೋಟೋ ಹಾಕಿ, ತೂತು ಕಾಣುತ್ತಾ ನೋಡೋಣ. ನನ್ನ ಹತ್ತಿರ ಸ್ಟ್ಯಾಂಡ್ ಇರುವ ತೇಗದ ಫ್ರೇಮ್ ಇದೆ, ಜೊತೆಗೆ ಲೈಟ್ ಹಾಕಿದ ಭೂತಗನ್ನಡಿ. ಅದರಲ್ಲಿ ನೋಡಿದರೆ ಒಂದೊಂದು ತೂತೂ ಬಾವಿ ಥರ ಕಾಣುತ್ತದೆ. ಲಕ್ಷ್ಮೀ ಬಜಾರ್‌ನಲ್ಲಿ ಮರದ ಕೆಲಸದವರ ಹತ್ತಿರ ಹೇಳಿ ಮಾಡಿಸಿದ್ದು.

ಕ್ರೋಶಾ_ಹೊಳಲ್ಕೆರೆ
ಆ ಫ್ರೇಮ್‌ನ ಫೋಟೋ ಹಾಕಿ ಅಕ್ಕಾ! ಎಷ್ಟಾಯಿತು? ಕ್ರೋಶಾದಲ್ಲೂ ಇದೇ ತೊಂದರೆ. ನಾನು ಕನಿಷ್ಠ 6 ಇಂಚು ದಾರ ಬಿಡುತ್ತೇನೆ. ಒಂದು ದಿಕ್ಕಿಗೆ ತೂರಿಸಿ, ತಿರುಗಿಸಿ, ಮತ್ತೆ ವಾಪಸ್. ಒಂದೇ ದಿಕ್ಕಿಗೆ ತೂರಿಸಿದರೆ ಎಳೆದ ತಕ್ಷಣ ಬಂದುಬಿಡುತ್ತದೆ.

ಮಗ್ಗದ_ಮನೆ_ಮೊಳಕಾಲ್ಮೂರು
ಎಲ್ಲರೂ ಸೂಜಿ ಕೇಳಿದಿರಿ, ದಾರ ಯಾವುದು ಅಂತ ಯಾರೂ ಕೇಳಲಿಲ್ಲ. ಹತ್ತಿಯೋ, ರೇಷ್ಮೆಯೋ? ಹೊಲಿದಿದ್ದು ಯಾವುದರ ಮೇಲೆ? ನಮ್ಮ ಮನೆಯಲ್ಲಿ ಮಗ್ಗದ ಹೊಸ ಹಾಸನ್ನು (ಉದ್ದದ ಎಳೆಗಳನ್ನು) ಹಳೆಯದಕ್ಕೆ ಕೂಡಿಸುವಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆಗೆ ಎಳೆ ಹೊಸೆಯುತ್ತಾರೆ. ರೇಷ್ಮೆ ಜಾರುತ್ತದೆ, ಬೂದಿ ಇಲ್ಲದಿದ್ದರೆ ಕೈಗೆ ಸಿಗೋದೇ ಇಲ್ಲ. ನಿಮ್ಮದೂ ಜಾರುವ ದಾರವೇ ಇರಬೇಕು.

ಗವಂತಿ_ದಾವಣಗೆರೆ
ದುಪಟ್ಟಾ ರೀ. ಹೇಳಿದೆ ಅಂದುಕೊಂಡಿದ್ದೆ. ಹೆಗಲ ಮೇಲೆ ಹಾಕಿದರೆ ಎರಡೂ ಕಡೆ ಕಾಣುತ್ತದೆ, ಅದಕ್ಕೇ ಕ್ಯಾನ್ವಾಸ್ ಆಗಲ್ಲ ಅಂದಿದ್ದು. ದಾರ ಚೌಕಿಪೇಟೆಯಲ್ಲಿ ತಂದ ಸಿಲ್ಕ್ ಥ್ರೆಡ್. ತುಂಬಾ ಹೊಳೆಯುತ್ತದೆ, ಎರಡು ಎಳೆ ತೆಗೆದುಕೊಂಡಿದ್ದೆ.

ಹರಿಹರ_ಟೈಲರ್
ದುಪಟ್ಟಾ ಅಂತ ಮೊದಲೇ ಹೇಳಿದ್ದರೆ ನಾನು ಗಂಟಿನ ಮಾತೇ ಎತ್ತುತ್ತಿರಲಿಲ್ಲ ಅಕ್ಕಾ.

ಸೂಜಿಮಲ್ಲಿಗೆ
ಈಗ ಗೊತ್ತಾಯಿತು. ಮೊದಲು ಒಂದು ಕೆಲಸ ಮಾಡಿ. ಆ ದಾರದ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಆದರೆ ರೇಯಾನ್. ಕರಗಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್.

ಗವಂತಿ_ದಾವಣಗೆರೆ
ಸುಟ್ಟೆ. ಕಾಗದದ ವಾಸನೆಯೇ. ಬೂದಿ ಬೆರಳಿಗೆ ಪುಡಿಯಾಯಿತು.

ಕೋಟೆಮನೆ_ಚಿತ್ರದುರ್ಗ
ಹಾಗಾದರೆ ರೇಯಾನ್. ಆದರೂ ಸೂಜಿ ಒಮ್ಮೆ ನೋಡಿ.

ಸೂಜಿಮಲ್ಲಿಗೆ
ರೇಯಾನ್ ನುಣುಪು, ನೆನೆದರೆ ಬಲವೂ ಕಡಿಮೆ ಆಗುತ್ತದೆ. ಹತ್ತಿ ದಾರದ ತುದಿಯನ್ನು ನಾಲ್ಕು ಹೊಲಿಗೆ ಕೆಳಗೆ ತೂರಿಸಿದರೆ ನಿಲ್ಲುತ್ತದೆ. ಇದು ನಿಲ್ಲೋದಿಲ್ಲ. ಇನ್ನೊಂದು ಮಾತು. ನಿಮ್ಮ ದುಪಟ್ಟಾಗೆ ಹಿಂಭಾಗ ಅನ್ನೋದೇ ಇಲ್ಲ. ತುದಿಯನ್ನು ಹಿಂದೆ ಮುಚ್ಚುವ ಯೋಚನೆ ಬಿಡಿ, ಗೆರೆಯ ಒಳಗೇ ಮುಚ್ಚಬೇಕು.

ಗವಂತಿ ಹಾಕುವಾಗ ಬಿಟ್ಟು ಬಿಟ್ಟು ಹೋಗುತ್ತೇವೆ, ವಾಪಸ್ ಬರುವಾಗ ಬಿಟ್ಟಿದ್ದನ್ನು ತುಂಬುತ್ತೇವೆ ಅಲ್ವಾ. ಶುರು ಮಾಡುವಾಗ ಒಂದು ಗೇಣು ದಾರ ಹೊರಗೆ ಬಿಡಿ. ಗೆರೆ ತುಂಬಿದ ಮೇಲೆ ಆ ದಾರಕ್ಕೆ ಸೂಜಿ ಪೋಣಿಸಿ, ಅದೇ ಗೆರೆಯ ಮೇಲೆ ಅದೇ ತೂತುಗಳಲ್ಲಿ ಐದಾರು ಹೊಲಿಗೆ ಹಿಂದಕ್ಕೆ ನಡೆಯಿರಿ. ಇಲ್ಲೇ ಇರೋದು ಗುಟ್ಟು. ತೂತಿನಲ್ಲಿ ಇಳಿಯುವಾಗ ಸುಮ್ನೆ ಪಕ್ಕದಲ್ಲಿ ಇಳಿಯಬೇಡಿ. ಮೊದಲೇ ಇರುವ ಹೊಲಿಗೆಯ ದಾರವನ್ನು ಸೂಜಿಮೊನೆಯಿಂದ ಸೀಳಿಕೊಂಡು ಇಳಿಯಿರಿ. ದಾರ ದಾರವನ್ನೇ ಹಿಡಿಯುತ್ತದೆ. ಇದಕ್ಕೆ ಮೊಂಡು ಸೂಜಿ ಬೇಡ, ಚೂಪು ಸೂಜಿಯೇ ಬೇಕು. ನಿಮ್ಮ 9 ಸರಿಯಾಗಿದೆ.

ಎರಡು ಎಳೆ ಅಂದಿರಿ. ಎರಡನ್ನೂ ಒಂದೇ ದಾರಿಯಲ್ಲಿ ತಂದರೆ ಗೆರೆ ದಪ್ಪ ಕಾಣುತ್ತದೆ. ಎಳೆ ಬಿಡಿಸಿ ಒಂದನ್ನು ಗೋಪುರದ ಎಡಗೆರೆಗೆ, ಇನ್ನೊಂದನ್ನು ಬಲಗೆರೆಗೆ ಕಳಿಸಿ. ಕೊನೆಗೆ ಒಂದು ಮೂಲೆ ತಿರುಗಿಸಿ. ಮೂಲೆ ತಿರುಗಿದ ದಾರ ಸುಲಭಕ್ಕೆ ಜಾರೋದಿಲ್ಲ.

ದಾರವನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ರೇಯಾನ್ ಬೇಗ ಎಳೆ ಬಿಚ್ಚುತ್ತದೆ. ಪೋಣಿಸುವ ಮೊದಲು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ. ಹೊಳಪು ಸ್ವಲ್ಪ ಕಡಿಮೆ ಆಗುತ್ತದೆ, ಹಿಡಿತ ಜಾಸ್ತಿ ಆಗುತ್ತದೆ.

ಗವಂತಿ_ದಾವಣಗೆರೆ
ಹೊಸದಕ್ಕೆ ಸರಿ. ಈಗ ಬಂದಿರುವ 16 ತುದಿಗೆ? ಕೆಲವು ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಸೂಜಿಕಣ್ಣಿಗೆ ಪೋಣಿಸೋಕೇ ಆಗಲ್ಲ.

ಕ್ರೋಶಾ_ಹೊಳಲ್ಕೆರೆ
ಇದಕ್ಕೆ ಉಪಾಯ ಇದೆ. ದಾರ ಪೋಣಿಸದೆ ಬರೀ ಸೂಜಿಯನ್ನು ಹೊಲಿಗೆಗಳ ಕೆಳಗೆ ತೂರಿಸಿ. ಕಣ್ಣು ಮಾತ್ರ ತುದಿಯ ಪಕ್ಕದಲ್ಲಿ ಹೊರಗೆ ಉಳಿಯಲಿ. ಆಮೇಲೆ ಆ ಚೋಟು ದಾರವನ್ನು ಕಣ್ಣಿಗೆ ಹಾಕಿ ಎಳೆಯಿರಿ. ಅದಕ್ಕೂ ಸಾಲದಿದ್ದರೆ, ಸಾದಾ ಹೊಲಿಗೆ ದಾರವನ್ನು ಮಡಚಿ ಎರಡು ತುದಿಯನ್ನೂ ಕಣ್ಣಿಗೆ ಪೋಣಿಸಿ. ಹಿಂದೆ ಕುಣಿಕೆ ಉಳಿಯುತ್ತದೆ. ಸೂಜಿ ಹೊರಗೆ ಬಂದ ಮೇಲೆ ಮೀಸೆಯನ್ನು ಕುಣಿಕೆಯೊಳಗೆ ಹಾಕಿ ಎಳೆದರೆ ಜೊತೆಗೆ ಬರುತ್ತದೆ. ಉಲ್ಲನ್ ಟೋಪಿಗಳಲ್ಲಿ ನಾನು ದಿನಾ ಮಾಡುತ್ತೇನೆ. ಈ ವರ್ಷ ಮೂವತ್ತು ಟೋಪಿ ಆಯಿತು, ಒಂದರ ತುದಿಯೂ ಹೊರಗೆ ಬಂದಿಲ್ಲ.

ಸೂಜಿಮಲ್ಲಿಗೆ
ಉಲ್ಲನ್‌ಗೆ ಸಾಕು. ರೇಯಾನ್‌ಗೆ ಅಷ್ಟು ಗಿಡ್ಡ ತುದಿ ಮತ್ತೆ ಬರುತ್ತದೆ. ಉಗುರಿಗಿಂತ ಗಿಡ್ಡ ಇರುವ ಕಡೆ ಐದಾರು ಹೊಲಿಗೆ ಬಿಚ್ಚಿ, ಉದ್ದ ಸಿಗುತ್ತದೆ. ಬಿಚ್ಚಿದ ಜಾಗಕ್ಕೆ ಹೊಸ ದಾರ ಹಾಕಿ ತುಂಬಿ. ಕೈ ನೋವಾಗುತ್ತದೆ, ಆದರೆ ಬೇರೆ ದಾರಿ ಇಲ್ಲ.

ಹರಿಹರ_ಟೈಲರ್
ಒಂದು ಹನಿ ಬಟ್ಟೆ ಅಂಟು ಹಾಕಿದರೆ ಮುಗಿಯಿತು. ಸೀರೆ ಕುಚ್ಚಿಗೆ ಎಲ್ಲರೂ ಹಾಕುತ್ತಾರೆ.

ಸೂಜಿಮಲ್ಲಿಗೆ
ಕುಚ್ಚಿನ ಗಂಟಿಗೆ ಸರಿ. ಬಿಳಿ ಬಟ್ಟೆಯ ನಡುವೆ ಅಂಟು ಗಟ್ಟಿಯಾಗಿ ಕಲೆ ಕಾಣುತ್ತದೆ. ಬೇಡ.

ಕೋಟೆಮನೆ_ಚಿತ್ರದುರ್ಗ
ದಾವಣಗೆರೆಯವರು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಲ್ಲಿ ಇದ್ದುಕೊಂಡು ರೇಯಾನ್ ತರ್ತೀರಲ್ಲ ಅಂತ ನನಗೆ ಬೇಜಾರು. ಆರು ಎಳೆಯ ಹತ್ತಿ ದಾರ, 8 ಮೀಟರ್ ಲಡಿ, ಎಲ್ಲಾ ಕಡೆ ಸಿಗುತ್ತದೆ.

ಮಗ್ಗದ_ಮನೆ_ಮೊಳಕಾಲ್ಮೂರು
ಅವರ ಊರು ನಿಮ್ಮ ಊರು ಅಂತ ಬೇಡ ಅಕ್ಕಾ. 1997ರವರೆಗೆ ಎಲ್ಲರೂ ಒಂದೇ ಜಿಲ್ಲೆಯವರೇ. ತಂಗಿಗೆ ಹೊಳೆಯೋ ದಾರ ಬೇಕು ಅನ್ನಿಸಿತು, ತಂದರು.

ಗವಂತಿ_ದಾವಣಗೆರೆ (ಭಾನುವಾರ)
ಮೊದಲು ಮ್ಯಾಟಿ ಬಟ್ಟೆಯ ಚೂರಿನ ಮೇಲೆ ಮೂರು ತುದಿ ಮಾಡಿ ಮೂರು ಸಲ ತೊಳೆದೆ. ಒಂದೂ ಬರಲಿಲ್ಲ. ಆಮೇಲೆ ದುಪಟ್ಟಾ ಹಿಡಿದೆ. ಐದು ಕಡೆ ಕುಣಿಕೆಯಲ್ಲಿ ಎಳೆದೆ, ಹನ್ನೊಂದು ಕಡೆ ಬಿಚ್ಚಿ ಹಾಕಿದೆ. ನಿನ್ನೆ ತೊಳೆದೆ. 14 ನಿಂತಿವೆ. ಗೋಪುರದಲ್ಲಿ ತುದಿ ಎಲ್ಲಿದೆ ಅಂತ ನನಗೇ ಹುಡುಕೋಕೆ ಆಗಲಿಲ್ಲ. ಆದರೆ ಎರಡು ಆನೆಗಳ ಸೊಂಡಿಲ ತುದಿಯಲ್ಲಿ ಮಾತ್ರ ಮತ್ತೆ ಮೀಸೆ. ಅಲ್ಲಿ ಇರೋದು ಒಂದೇ ಗೆರೆ, ತಿರುಗಿಸೋಕೆ ಮೂಲೆಯೇ ಇಲ್ಲ.

ಸೂಜಿಮಲ್ಲಿಗೆ
ಸೊಂಡಿಲ ತುದಿಯಲ್ಲಿ ದಾರ ಮುಗಿಸಲೇಬಾರದು. ಆನೆಯ ಮೈಯಿಂದ ಶುರು ಮಾಡಿ ತುದಿಗೆ ಹೋಗಿ, ಗೆರೆ ತುಂಬುತ್ತಾ ವಾಪಸ್ ಮೈಗೆ ಬನ್ನಿ. ಎರಡು ತುದಿಯನ್ನೂ ಹೊಟ್ಟೆಯ ಗೆರೆಯಲ್ಲಿ ಮುಚ್ಚಿ.

ಗವಂತಿ_ದಾವಣಗೆರೆ
ಸರಿ ಅಕ್ಕಾ. ಒಂದು ಸೊಂಡಿಲು ಈಗಲೇ ಬಿಚ್ಚಿದೆ.