‘ಅಟ್ರೋಫಿ’ಗೆ ಯಾವ ಪದ? ಜೊತೆಗೆ ಒಂದು ಹಕ್ಕಿಯ ಪ್ರಶ್ನೆ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಮಂದಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುವ ಕೆಲಸ ಉಡುಪಿಯಲ್ಲಿ ನಮ್ಮ ಮೂವರ ಪಾಲಿಗೆ ಬಂದಿದೆ. ಅಲ್ಝೈಮರ್ ಅಧ್ಯಾಯ ಸರಾಗವಾಗಿ ಮುಗಿಯಿತು. ಅಪರೂಪದ ಡಿಮೆನ್ಷಿಯಾಗಳ ಎಂಆರ್‌ಐ ಚಿತ್ರಗಳಿಗೆ ಅಡಿಬರಹ ಬರೆಯಲು ಕುಳಿತಾಗ ಪದಗಳು ಕೈಕೊಟ್ಟವು.

ಮೊದಲನೆಯದು ‘ಅಟ್ರೋಫಿ’, ಅಂದರೆ ಅಂಗವೊಂದು ಗಾತ್ರದಲ್ಲಿ ಚಿಕ್ಕದಾಗುತ್ತ ಹೋಗುವುದು. ‘ಕ್ಷಯ’ ಎಂದರೆ ಶಾಸ್ತ್ರೀಯವಾಗಿ ತಪ್ಪಿಲ್ಲ. ಆದರೆ ‘ಮಿದುಳಿನ ಕ್ಷಯ’ ಎಂದು ಓದಿದವರು ಟಿಬಿಯನ್ನಲ್ಲದೆ ಬೇರೇನನ್ನೂ ನೆನೆಯಲಾರರು. ಮಿದುಳಿಗೂ ಟಿಬಿ ತಗಲುವುದುಂಟಾದ್ದರಿಂದ ಈ ಗೊಂದಲ ಸಣ್ಣದಲ್ಲ, ಮನೆಯ ಹಿರಿಯರಿಗೆ ತಟ್ಟೆ ಲೋಟ ಬೇರೆ ಇಟ್ಟಾರು. ‘ಸವೆತ’ ಮಂಡಿನೋವಿನ ದೆಸೆಯಿಂದ ಎಲ್ಲರಿಗೂ ಪರಿಚಿತ, ಆದರೆ ಅದರಲ್ಲಿ ಉಜ್ಜಾಟದ ಅರ್ಥವಿದೆ. ಇಲ್ಲಿ ನಡೆಯುವುದು ಒಳಗಿನ ಜೀವಕೋಶಗಳ ಸಾವು. ‘ಕುಗ್ಗುವಿಕೆ’ಯನ್ನು ಒಪ್ಪಬಹುದಿತ್ತು, ಆದರೆ ಮನಸ್ಸಿನ ತೊಂದರೆಗಳನ್ನೇ ಕುರಿತ ಪುಸ್ತಕದಲ್ಲಿ ‘ಕುಗ್ಗಿದ್ದಾರೆ’ ಎಂದರೆ ಬೇಸರದಲ್ಲಿದ್ದಾರೆ ಎಂದೇ ತಿಳಿಯುತ್ತಾರೆ.

ನನ್ನ ಒಲವು ‘ಸೊರಗು’ ಎಂಬುದರ ಕಡೆಗೆ. ಆರ್ನಾಲ್ಡ್ ಪಿಕ್ 1892ರಲ್ಲಿ ಪ್ರಾಗ್‌ನಲ್ಲಿ ಮೊದಲು ವರ್ಣಿಸಿದ ಬಗೆಯ ಕಾಯಿಲೆಯಲ್ಲಿ ಮಿದುಳಿನ ಹಣೆಯ ಹಿಂದಿನ ಮತ್ತು ಕಣತಲೆಯ ಒಳಗಿನ ಭಾಗದ ಮಡಿಕೆಗಳು ಕತ್ತಿಯ ಅಲಗಿನಷ್ಟು ತೆಳುವಾಗಿ, ನಡುವಿನ ಕಂದರಗಳು ಅಗಲಗೊಳ್ಳುತ್ತವೆ. ಹಿಂಭಾಗವೋ ಬಹುಕಾಲ ತುಂಬಿಕೊಂಡೇ ಇರುತ್ತದೆ. ಗದ್ದೆಯ ಒಂದು ಮೂಲೆಯಲ್ಲಿ ನೇಜಿ ಸೊರಗಿ, ಉಳಿದೆಡೆ ಹಸಿರಾಗಿ ನಿಂತಂತೆ. ‘ಮುರುಟು’ ಎಂದು ಸೂಚಿಸಿದವರೂ ಇದ್ದಾರೆ. ಒಣಗಿದ ಎಲೆಯಂತೆ ಸುರುಳಿಯಾಗುವ ಅರ್ಥ ಅದರಲ್ಲಿ ಸೇರಿಕೊಳ್ಳುವುದರಿಂದ ನಾನು ಹಿಂಜರಿಯುತ್ತಿದ್ದೇನೆ.

ಎರಡನೆಯದು ಇನ್ನೂ ಕಠಿಣ. ಸ್ಟೀಲ್, ರಿಚರ್ಡ್‌ಸನ್ ಮತ್ತು ಓಲ್ಶೆವ್ಸ್ಕಿ 1964ರಲ್ಲಿ ವಿವರಿಸಿದ ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಎಂಬ ಕಾಯಿಲೆಯಲ್ಲಿ ರೋಗಿ ಪದೇ ಪದೇ ಹಿಂದಕ್ಕೆ ಬೀಳುತ್ತಾರೆ, ಕಣ್ಣು ಕೆಳಗಿಳಿಯದೆ ಮೆಟ್ಟಿಲಿನ ಮೇಲೆ ತಮ್ಮದೇ ಕಾಲ ಬುಡ ಕಾಣದೆ ತಡವರಿಸುತ್ತಾರೆ. ನಮ್ಮ ಬಳಗದ ರೇಡಿಯಾಲಜಿ ವೈದ್ಯೆ ಮಿದುಳನ್ನು ನಟ್ಟನಡುವೆ ಸೀಳಿದಂತೆ ಕಾಣುವ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಬೆರಳಿಟ್ಟು ಹೇಳಿದರು: ‘ಈ ದುಂಡನೆಯದು ಪಾನ್ಸ್ ಎಂಬ ಮಿದುಳುಕಾಂಡದ ಭಾಗ, ಹಕ್ಕಿಯ ಹೊಟ್ಟೆ, ಇಗೊಳ್ಳಿ, ಸೊರಗಿದ ನಡುಮಿದುಳು, ಪುಟ್ಟ ತಲೆ ಮತ್ತು ಚೂಪು ಕೊಕ್ಕು.’ ಒಮ್ಮೆ ಕಂಡ ಮೇಲೆ ಬೇರೆ ಥರ ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಹಮ್ಮಿಂಗ್‌ಬರ್ಡ್ ಸೈನ್ ಎಂದು ಹೆಸರು. ಆ ಹಕ್ಕಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ದಾಸವಾಳದ ಗಿಡಕ್ಕೆ ಬರುವುದು ಸೂರಕ್ಕಿ. ‘ಸೂರಕ್ಕಿ ಚಿಹ್ನೆ’ ಎಂದರೆ ಓದುಗರಿಗೆ ಹತ್ತಿರವಾದೀತು, ಆದರೆ ಸೂರಕ್ಕಿಯ ಕೊಕ್ಕು ಬಾಗಿರುತ್ತದೆ. ಮೇಲಾಗಿ ವೈದ್ಯರ ವರದಿಯಲ್ಲಿ ‘ಹಮ್ಮಿಂಗ್‌ಬರ್ಡ್’ ಎಂದೇ ಬರೆದಿರುವುದರಿಂದ ಎರಡನ್ನೂ ಕೂಡಿಸಿ ಓದಲಾಗದೆ ಮನೆಯವರು ಕಂಗೆಡಬಹುದು. ಅದನ್ನೇ ಪೆಂಗ್ವಿನ್ ಎನ್ನುವವರೂ ಇದ್ದಾರೆಂದರೆ, ಹಕ್ಕಿ ಮುಖ್ಯವಲ್ಲ, ಆಕಾರ ಮುಖ್ಯ ಎಂದಾಯಿತು. ಹಾಗಾಗಿ ‘ಹಕ್ಕಿಕೊಕ್ಕಿನ ಚಿಹ್ನೆ’ ಸಾಲದೇ?

ಅನುವಾದಿಸಲೇಬಾರದ ಹೆಸರೂ ಒಂದಿದೆ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ನೇರವಾಗಿ ಡಿಮೆನ್ಷಿಯಾದ ಗುಂಪಿಗೆ ಸೇರದಿದ್ದರೂ ನೆರೆಯ ಕಾಯಿಲೆಯಾಗಿ ಪುಸ್ತಕದಲ್ಲಿದೆ. ಅದರಲ್ಲಿ ಪಾನ್ಸಿನ ಅಡ್ಡಸೀಳಿನ ಮೇಲೆ ಮೂಡುವ ಬಿಳಿ ಶಿಲುಬೆಗೆ ಹಾಟ್ ಕ್ರಾಸ್ ಬನ್ ಎನ್ನುತ್ತಾರೆ. ಮಂಗಳೂರಿನಲ್ಲಿ ಬನ್ಸ್ ಎಂದರೆ ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದದ್ದು, ಅದರ ಮೇಲೆ ಯಾವ ಗೆರೆಯೂ ಇಲ್ಲ! ‘ಶಿಲುಬೆ ಗೆರೆ’ ಎಂದು ಬರೆದು ಮುಂದೆ ಹೋದೆವು.

ಆದರೆ ಕೆಲವೇ ತಿಂಗಳುಗಳಲ್ಲಿ ಮನುಷ್ಯನನ್ನು ಕೆಡವುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯಲ್ಲಿ ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಚಿತ್ರದ ಮೇಲೆ ಹೊರಪದರದ ಮಡಿಕೆಗಳ ಅಂಚಿಗಂಟಿಕೊಂಡು ಬಿಳಿ ಪಟ್ಟಿ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ರಿಬ್ಬನ್ ಎನ್ನುವ ಇದನ್ನು ನಿರಿಗೆ ಹಿಡಿದ ಸೀರೆಯ ‘ಜರಿಯಂಚು’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಷ್ಟು ಕ್ರೂರವಾದ ಕಾಯಿಲೆಗೆ ಇಷ್ಟು ಚೆಂದದ ಪದ ಸಲ್ಲುವುದೇ ಎಂಬ ಅಳುಕು ಮಾತ್ರ ನನಗಿದೆ, ಇನ್ನಿಬ್ಬರಿಗಿಲ್ಲ.

‘ಸೊರಗು’ ಪದವನ್ನು ದೇಹದ ಒಳಗಿನ ಅಂಗಗಳ ಬಗ್ಗೆ, ಕೈಕಾಲು ಸೊರಗಿತು ಎಂಬ ಬಳಕೆಯನ್ನು ಬಿಟ್ಟು, ನಿಮ್ಮ ಕಡೆ ಬಳಸಿದ್ದು ಕೇಳಿದ್ದೀರಾ? ಕುಂದಾಪುರದ ಕಡೆಯ ಮಾತಿನಲ್ಲಿ ಬೇರೆ ಪದವಿದ್ದರೆ ಅದನ್ನೂ ದಯವಿಟ್ಟು ತಿಳಿಸಬೇಕು.