ಹಳೆಯ ಕಾರಿನ ಗೇರ್‌ಬಾಕ್ಸ್‌ಗೆ 90 ನಂಬರ್ ಆಯಿಲ್ಲೋ, 140 ನಂಬರ್ ಆಯಿಲ್ಲೋ?

ಪ್ರಶ್ನೆ (ಸಿಂಧನೂರಿನಿಂದ):
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1998ರ ಸಣ್ಣ ಪೆಟ್ರೋಲ್ ಕಾರೊಂದಿದೆ. ನಾಲ್ಕು ಗೇರಿನದು, ಮುಂದಿನ ಚಕ್ರಗಳೇ ಎಳೆಯುವಂಥದ್ದು. ಬೆಳಿಗ್ಗೆ ಹೊರಟಾಗ ಒಂದರಿಂದ ಎರಡನೇ ಗೇರಿಗೆ ಹಾಕಿದರೆ ಕರಕರ ಸದ್ದು ಬರುತ್ತದೆ. ಕಂಪನಿಯ ಕೈಪಿಡಿ ಉಳಿದಿಲ್ಲ. ಗಾಡಿ ಹಳೆಯದಾದ್ದರಿಂದ 85ಡಬ್ಲ್ಯು-140, ಅದರಲ್ಲೂ ಜಿಎಲ್-5 ಹಾಕಿಸಿದರೆ ಸದ್ದು ಅಡಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ ದಪ್ಪ ಆಯಿಲ್ಲೇ ಸರಿಯೆಂದು ನನಗೂ ತೋರುತ್ತಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಬಳ್ಳಾರಿಯಿಂದ):
ಸರ್, 140 ಎಂಬುದು ಆಯಿಲ್ಲಿನ ದಪ್ಪವನ್ನು ಹೇಳಿದರೆ, ಜಿಎಲ್-5 ಎಂಬುದು ಅದರಲ್ಲಿ ಬೆರೆಸಿದ ರಾಸಾಯನಿಕದ ಮಟ್ಟವನ್ನು ಹೇಳುತ್ತದೆ. ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಜಿಎಲ್-5 ಹುಟ್ಟಿದ್ದು ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ನಲ್ಲಿರುವ ಹೈಪಾಯ್ಡ್ ಕ್ರೌನ್-ಪಿನಿಯನ್ ಎಂಬ ಗೇರುಜೋಡಿಗಾಗಿ. ಅಲ್ಲಿ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುವುದರಿಂದ ಗಂಧಕ-ರಂಜಕದ ಅಂಶವನ್ನು ಜಿಎಲ್-4ಕ್ಕಿಂತ ಸುಮಾರು ಇಮ್ಮಡಿ ಬೆರೆಸಿರುತ್ತಾರೆ. ಹಳೆಯ ಗೇರ್‌ಬಾಕ್ಸ್‌ನ ಸಿಂಕ್ರೋ ರಿಂಗುಗಳಾದರೋ ಹಿತ್ತಾಳೆಯವು. ರಿಂಗಿನ ಒಳಮೈಯ ಸಣ್ಣ ಗೀರುಗಳು ಆಯಿಲ್ಲಿನ ಪದರವನ್ನು ಕತ್ತರಿಸಿ, ಗೇರಿನ ಶಂಕುವಿನಾಕಾರದ ಭಾಗವನ್ನು (ಕೋನ್) ಬ್ರೇಕಿನಂತೆ ಹಿಡಿದು ಎರಡರ ವೇಗವನ್ನೂ ಸಮ ಮಾಡಿದ ಮೇಲೆಯೇ ಗೇರು ಸದ್ದಿಲ್ಲದೆ ಕೂರುತ್ತದೆ. ಆಯಿಲ್ ಅತಿಯಾಗಿ ಜಾರಿಕೆಯದಾದರೆ ಈ ಹಿಡಿತ ತಪ್ಪುತ್ತದೆ. ಜತೆಗೆ ಕೆಲವು ಜಿಎಲ್-5 ಆಯಿಲ್ಲುಗಳಲ್ಲಿರುವ ಗಂಧಕವು ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ. ಹಿತ್ತಾಳೆಗೆ ಹಾನಿಯಿಲ್ಲವೆಂದು ಬರೆದ ಜಿಎಲ್-5 ಡಬ್ಬಿಗಳೂ ಈಗ ಸಿಗುತ್ತವೆ, ಆದರೆ ನಿಮ್ಮ ಕಾರಿಗೆ ಅದರ ಅಗತ್ಯವೇ ಇಲ್ಲ. ಜಿಎಲ್-4 ಸಾಕು.

ದಪ್ಪದ ವಿಷಯಕ್ಕೆ ಬಂದರೆ, ನಮ್ಮ ಬಿಸಿಲಿಗೂ 80ಡಬ್ಲ್ಯು-90 ಧಾರಾಳವಾಯಿತು. ಬೆಳಗಿನ ತಂಪಿನಲ್ಲಿ ಗೇರು ಹಗುರಾಗಬೇಕೆಂದರೆ 75ಡಬ್ಲ್ಯು-90 ಇನ್ನೂ ಮೇಲು (ಡಬ್ಲ್ಯುಗೆ ಮುಂಚಿನ ಅಂಕಿ ತಂಪಿನಲ್ಲಿನ ದಪ್ಪವನ್ನು ಹೇಳುತ್ತದೆ, ಅದು ಕಡಿಮೆಯಾದಷ್ಟೂ ತೆಳು). 140 ಹಾಕಿದರೆ ರಿಂಗು ಪದರ ಕತ್ತರಿಸಲು ಇನ್ನಷ್ಟು ತಡವಾಗಿ, ನಿಮ್ಮ ತೊಂದರೆಯೇ ಹೆಚ್ಚುತ್ತದೆ. (90 ಎಂದರೆ ಎಂಜಿನ್ ಆಯಿಲ್ಲಿನ 40ರ ಎರಡು ಪಟ್ಟು ದಪ್ಪವೆಂದು ಅನೇಕರು ತಿಳಿದಿದ್ದಾರೆ. ಎರಡರ ಅಳತೆಗೋಲೇ ಬೇರೆ. 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40-50ರ ಎಂಜಿನ್ ಆಯಿಲ್ಲಿನಷ್ಟೇ ದಪ್ಪವಿರುತ್ತದೆ.)

ಉತ್ತರ 2 (ಗಂಗಾವತಿಯಿಂದ):
ಮೇಲಿನವರ ಮಾತು ಸರಿಯಾಗಿದೆ. ಆದರೂ ಆಯಿಲ್ ಕೊಳ್ಳುವ ಮುನ್ನ ಕ್ಲಚ್ ನೋಡಿ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ರಿವರ್ಸ್ ಕೂಡ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಮೊದಲು ಕೇಬಲ್ ಅಡ್ಜಸ್ಟ್ ಮಾಡಿಸಿ. ಎರಡನೇ ಗೇರು ಮಾತ್ರ, ಗಾಡಿ ಬಿಸಿಯಾದ ಮೇಲೂ ಸದ್ದು ಮಾಡಿದರೆ ಆ ರಿಂಗು ಸವೆದಿದೆ, ಯಾವ ಆಯಿಲ್ಲೂ ಅದನ್ನು ಮರಳಿಸದು.

ಆಯಿಲ್ ಇಳಿಸುವಾಗ ತುಂಬುವ ಕಡೆಯ ಬೋಲ್ಟನ್ನೇ ಮೊದಲು ಸಡಿಲಿಸಿಕೊಳ್ಳಿ. ಅದು ಜಾಮ್ ಆಗಿದ್ದರೆ ಆಯಿಲ್ ಇಳಿಸಿದ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಇಳಿಸಿದ ಆಯಿಲ್ಲನ್ನು ಬಿಸಿಲಿಗೆ ಹಿಡಿದು ನೋಡಿ: ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪು ಕೆಸರು ಅಂಟಿದ್ದರೆ ಚಿಂತೆಯಿಲ್ಲ, ಆಯಿಲ್ಲಿನಲ್ಲಿ ಹೊಂಬಣ್ಣದ ಮಿನುಗು ಬಹಳವಿದ್ದರೆ ಅದು ಸಿಂಕ್ರೋದ ಹಿತ್ತಾಳೆ.

ಉತ್ತರ 3 (ಸಂಡೂರಿನಿಂದ):
ಇದನ್ನು ಓದುವ ಜೀಪಿನವರಿಗೆ ಒಂದು ಮಾತು. ಜೀಪಿನ ಹಿಂದಿನ ಹೌಸಿಂಗ್‌ನಲ್ಲಿರುವುದು ಹೈಪಾಯ್ಡ್, ಅಲ್ಲಿ ಜಿಎಲ್-5 ಬೇಕೇ ಬೇಕು. ಒಂದೇ ಡಬ್ಬಿಯನ್ನು ಗೇರ್‌ಬಾಕ್ಸ್‌ಗೂ ಹೌಸಿಂಗ್‌ಗೂ ಸುರಿಸಬೇಡಿ. ಗಣಿ ರಸ್ತೆಯ ಕೆಂಪು ಧೂಳಿನಲ್ಲಿ ಓಡುವ ಗಾಡಿಯಾದರೆ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ಕಿಂಡಿ) ಕಟ್ಟಿಕೊಂಡಿದೆಯೇ ಎಂದೂ ನೋಡಿಸಿ. ಅದು ಮುಚ್ಚಿದರೆ ಒಳಗಿನ ಬಿಸಿಗಾಳಿ ಆಯಿಲ್ಲನ್ನು ಸೀಲಿನಿಂದ ಹೊರದಬ್ಬುತ್ತದೆ, ಆಗ ಸೀಲು ಎಷ್ಟು ಸಲ ಬದಲಿಸಿದರೂ ಸೋರಿಕೆ ನಿಲ್ಲುವುದಿಲ್ಲ.